ಹಂಡೆ ಒಲೆಯ ಹೊಗೆ

ಮೈಸೂರಿನ ಹಳೆಯ ಮನೆಗಳಲ್ಲಿ ಅಡುಗೆಗೆ ಗ್ಯಾಸು ಬಂದ ಮೇಲೂ ಬಚ್ಚಲಿನ ಹಂಡೆ ಒಲೆ ಬಹುಕಾಲ ಉಳಿದುಕೊಂಡಿತು. ನಮ್ಮೂರ ಚಳಿಗೆ ಮನೆಯೊಳಗೆ ಬೆಂಕಿ ಕಾಯಿಸಬೇಕಿಲ್ಲ. ಸ್ನಾನಕ್ಕೆ ಬಿಸಿನೀರು ಮಾತ್ರ ಬೇಕೇ ಬೇಕು. ತೆಂಗಿನ ಮಟ್ಟೆ, ಕರಟ, ಹಸಿ ಸೌದೆ, ಸಿಕ್ಕಿದ್ದೆಲ್ಲ ಆ ಒಲೆಯ ಬಾಯಿಗೆ.

ನಾನು ಬೆಳೆದ ವಠಾರದಲ್ಲಿ ಆರು ಮನೆ, ಆರು ಹಂಡೆ. ಬೆಳಗಿನ ಐದು ಗಂಟೆಗೇ ಹೊಗೆ ಎದ್ದು ಪಕ್ಕದ ಅಡುಗೆಮನೆ ಹೊಕ್ಕು, ಮಡಿಬಟ್ಟೆಗೆಲ್ಲ ವಾಸನೆ ಹಿಡಿಸುತ್ತಿತ್ತು. ಉಬ್ಬಸವಿದ್ದ ಕೊನೆಮನೆಯ ಅಜ್ಜಿ ಸೆರಗಿನಿಂದ ಮೂಗು ಮುಚ್ಚಿಕೊಂಡು ಜಗಲಿಗೆ ಬಂದು ಕೂರುತ್ತಿದ್ದರು. "ಒಲೆ ಸ್ವಲ್ಪ ತಡವಾಗಿ ಹಚ್ಚಬಾರದೇನ್ರೀ?" ಎಂದು ಅವರ ಸೊಸೆ ಕೇಳಿದರೆ, "ನಮ್ಮನೆಯವರು ಏಳಕ್ಕೆಲ್ಲ ಕೆಲಸಕ್ಕೆ ಹೊರಡಬೇಕಲ್ರೀ" ಎಂಬ ಉತ್ತರ. ಇಬ್ಬರ ಮಾತೂ ನ್ಯಾಯವೇ.

ಊರಿನ ಗಾಳಿ ಬೆಳಕಿನ ಚಿಂತೆ ಇಲ್ಲಿ ಹೊಸದಲ್ಲ. 1898ರಲ್ಲಿ ಸಂಸ್ಥಾನಕ್ಕೆ ಪ್ಲೇಗು ಕಾಲಿಟ್ಟಿತು. 1903ರಲ್ಲಿ ಮೈಸೂರು ನಗರಾಭಿವೃದ್ಧಿ ಟ್ರಸ್ಟ್ ಬೋರ್ಡು ಹುಟ್ಟಿ, ಇಕ್ಕಟ್ಟಿನ ಕೇರಿಗಳ ಬದಲು ಅಗಲ ರಸ್ತೆಯ ಬಡಾವಣೆಗಳಾದವು. ಮನೆಗಳ ಹಿಂದೆ ಕನ್ಸರ್ವೆನ್ಸಿ ಓಣಿ ಬಿಟ್ಟರು. ಅದು ಹೊಗೆಗೆಂದು ಬಿಟ್ಟ ಓಣಿಯಲ್ಲದಿದ್ದರೂ ಹೊಗೆಗೂ ದಾರಿಯಾಯಿತು. ವಠಾರಗಳಿಗೆ ಆ ಭಾಗ್ಯವಿರಲಿಲ್ಲ.

ಲಂಡನ್ನಿನಲ್ಲಿ 1952ರ ಡಿಸೆಂಬರಿನ ಹೊಗೆಮಂಜಿಗೆ ಸಾವಿರಾರು ಜನ ಸತ್ತ ಮೇಲೆ, 1956ರ ಕಾನೂನು ಮನೆಯ ಒಲೆಯನ್ನೂ ಹತೋಟಿಗೆ ತಂದಿತು. ನಮ್ಮ 1981ರ ವಾಯು ಕಾಯಿದೆಯ 19ನೇ ಕಲಮು ಕೂಡ, ಗೊತ್ತುಪಡಿಸಿದ ಪ್ರದೇಶದಲ್ಲಿ ಒಪ್ಪಿಗೆಯಿಲ್ಲದ ಇಂಧನವನ್ನು ನಿಷೇಧಿಸುವ ಅಧಿಕಾರವನ್ನು ರಾಜ್ಯ ಸರ್ಕಾರಕ್ಕೆ ಕೊಟ್ಟಿದೆ. ಆದರೆ ಬಚ್ಚಲ ಒಲೆ ನೋಡಲು ಯಾವ ಅಧಿಕಾರಿಯೂ ಬಂದದ್ದನ್ನು ನಾನು ಕಂಡಿಲ್ಲ. ಹೊಗೆ ತಗ್ಗಿಸಿದ್ದು ಗೀಸರು, ಸೋಲಾರು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಅಮೂಲ್ಯ ರೆಡ್ಡಿಯವರು 1974ರಲ್ಲಿ ಕಟ್ಟಿದ 'ಅಸ್ತ್ರ' ಕೇಂದ್ರ, ಕಡಿಮೆ ಸೌದೆಯಲ್ಲಿ ಉರಿಯುವ, ಹೊಗೆಕೊಳವೆಯ ಒಲೆ ರೂಪಿಸಿತು. ಹಚ್ಚಿದವಳ ಕಣ್ಣು ಉಳಿಯಿತು. ವಠಾರದಲ್ಲಾದರೆ ಕೊಳವೆಯ ತುದಿ ಪಕ್ಕದವರ ಕಿಟಕಿಯ ಕಡೆಗೇ!

2016ರ ಉಜ್ವಲ ಯೋಜನೆ ಬಡವರ ಮನೆಗೂ ಗ್ಯಾಸು ಕೊಟ್ಟಿತು. ಮತ್ತೆ ತುಂಬಿಸಲು ದುಡ್ಡಿಲ್ಲದವರು ಈಗಲೂ ಸೌದೆ ಆಯುತ್ತಾರೆ. ಹಿಂದೆ ಹೊಗೆ ಎಲ್ಲರದ್ದಾಗಿತ್ತು, ಈಗ ಒಬ್ಬಿಬ್ಬರದ್ದು. ಹಾಗಾಗಿ ದೂರು ಸುಲಭ. ಉಬ್ಬಸದವರ ಕಷ್ಟ ಸುಳ್ಳಲ್ಲ, ದೂರು ಕೊಡುವ ಹಕ್ಕೂ ಅವರಿಗಿದೆ. ಅದಕ್ಕೆ ಮೊದಲು ಒಮ್ಮೆ ಗೋಡೆಯಾಚೆ ಹೋಗಿ, "ಸಿಲಿಂಡರು ಮುಗಿದು ಎಷ್ಟು ದಿನವಾಯ್ತಮ್ಮಾ?" ಎಂದು ಕೇಳಬಾರದೆ?