ಗಾಯಗೊಂಡ ಮನಸ್ಸಿಗೆ ಮೊದಲ ಆರೈಕೆ

2010ನೆಯ ಇಸವಿಯ ಮೇ 22ರ ಮುಂಜಾನೆ. ದುಬೈಯಿಂದ ಬಂದ ವಿಮಾನವೊಂದು ಬಜಪೆಯ ಗುಡ್ಡದ ಮೇಲಣ ರನ್‌ವೇಯನ್ನು ಮೀರಿ ಕೆಂಜಾರಿನ ಕಣಿವೆಗೆ ಉರುಳಿ ಬೆಂಕಿಗೆ ಆಹುತಿಯಾಯಿತು. ಅದರಲ್ಲಿದ್ದವರು 166 ಮಂದಿ. ಬದುಕಿ ಉಳಿದವರು 8 ಮಂದಿ. ಮಂಗಳೂರು, ಕಾಸರಗೋಡು, ಭಟ್ಕಳಗಳ ಎಷ್ಟೋ ಮನೆಗಳಲ್ಲಿ ಅಂದು ಕತ್ತಲೆ ಕವಿಯಿತು. ಸದ್ದು ಕೇಳಿ ಮೊದಲು ಕಣಿವೆಗೆ ಇಳಿದವರು ಆಸುಪಾಸಿನ ಮನೆಗಳ ಜನ. ಯಾರೂ ಅವರಿಗೆ ತರಬೇತಿ ಕೊಟ್ಟಿರಲಿಲ್ಲ, ಯಾರೂ ಅವರನ್ನು ಕರೆದಿರಲೂ ಇಲ್ಲ.

ದೇಹದ ಗಾಯಕ್ಕೆ ಪ್ರಥಮ ಚಿಕಿತ್ಸೆ ಮಾಡುವ ಕ್ರಮವನ್ನು ಶಾಲೆಯ ಸ್ಕೌಟ್ ಬಾಲಕನೂ ಬಲ್ಲ. ಆದರೆ ಮನಸ್ಸಿಗೆ ಆದ ಗಾಯಕ್ಕೆ ಮೊದಲ ಗಂಟೆಗಳಲ್ಲಿ, ಮೊದಲ ದಿನಗಳಲ್ಲಿ ಏನು ಮಾಡಬೇಕು? ಅದನ್ನು ಮಾಡತಕ್ಕವರು ಯಾರು? ಈ ಪ್ರಶ್ನೆಗೆ ಉತ್ತರ ಹುಡುಕುತ್ತ ವೈದ್ಯಶಾಸ್ತ್ರವು ಸುಮಾರು ನೂರು ವರ್ಷಗಳ ದಾರಿಯನ್ನು ಸವೆಸಿದೆ. ಆ ದಾರಿಯಲ್ಲಿ ಒಮ್ಮೆ ಎಡವಿಯೂ ಇದೆ.

ಮೊದಲನೆಯ ಮಹಾಯುದ್ಧದ ಕಂದಕಗಳಲ್ಲಿ, ಮೈಮೇಲೆ ಒಂದು ಗೀರೂ ಇಲ್ಲದ ಸೈನಿಕರು ಮಾತು ಕಳೆದುಕೊಂಡರು, ನಡುಗತೊಡಗಿದರು, ನಡೆಯಲಾರದೆ ಕುಸಿದರು. ‘ಶೆಲ್ ಶಾಕ್’ ಎಂಬ ಹೆಸರು 1915ರಲ್ಲಿ ವೈದ್ಯಪತ್ರಿಕೆಯನ್ನು ಸೇರಿತು. ಇಂಥವರನ್ನು ದೂರದ ಆಸ್ಪತ್ರೆಗೆ ಸಾಗಿಸಿದಷ್ಟೂ ರೋಗ ಬೇರೂರುತ್ತದೆಂಬುದನ್ನು ವೈದ್ಯರು ಕಂಡುಕೊಂಡರು. 1917ರಲ್ಲಿ ಅಮೆರಿಕದ ವೈದ್ಯ ಥಾಮಸ್ ಸಾಲ್ಮನ್ ಆ ಅನುಭವವನ್ನು ಒಟ್ಟುಗೂಡಿಸಿದನು. ಬೇಗನೆ, ಹತ್ತಿರದಲ್ಲೇ, ಗುಣವಾಗುವುದೆಂಬ ಭರವಸೆಯೊಡನೆ ಆರೈಕೆ ನಡೆಯಬೇಕೆಂಬುದು ಅದರ ಸಾರ. ಸೈನಿಕನನ್ನು ಮತ್ತೆ ಯುದ್ಧಕ್ಕೆ ಕಳುಹಿಸುವುದೇ ಅದರ ಉದ್ದೇಶವಾಗಿತ್ತೆನ್ನುವುದನ್ನು ಮರೆಯಲಾಗದು. ಆದರೂ ಕಾಲ ಮೀರಬಾರದೆಂಬ ಅರಿವು ಅಲ್ಲಿ ಮೊಳೆಯಿತು.

ಎರಡನೆಯ ಪಾಠ ಬಂದದ್ದು ಅಮೆರಿಕದ ಬಾಸ್ಟನ್ ನಗರದಿಂದ. 1942ರ ನವೆಂಬರ್ 28ರಂದು ಅಲ್ಲಿನ ಒಂದು ನೃತ್ಯಶಾಲೆಗೆ ಬೆಂಕಿ ತಗುಲಿ 492 ಮಂದಿ ಮಡಿದರು. ಅವರ ಬಂಧುಗಳ ದುಃಖವನ್ನು ಹತ್ತಿರದಿಂದ ಗಮನಿಸಿದ ಎರಿಕ್ ಲಿಂಡೆಮನ್ ಎಂಬ ಮನೋವೈದ್ಯ 1944ರಲ್ಲಿ ತನ್ನ ಲೇಖನವನ್ನು ಪ್ರಕಟಿಸಿದನು. ದುಃಖಕ್ಕೆ ತನ್ನದೇ ಆದ ಗತಿಯಿದೆ, ಅದನ್ನು ತಡೆದರೆ ಅದು ವ್ಯಾಧಿಯಾಗಿ ತಿರುಗಬಲ್ಲದು ಎಂದನು. ದುಃಖಿತರೆಲ್ಲರ ಬಳಿಗೂ ಮನೋವೈದ್ಯ ಹೋಗಲಾರನಾದ್ದರಿಂದ ಸಮಾಜಸೇವಕರಿಗೂ ಧರ್ಮಗುರುಗಳಿಗೂ ಈ ತಿಳಿವಳಿಕೆಯನ್ನು ಕೊಡಬೇಕೆಂದೂ ಹೇಳಿದನು. ಇಂದಿನ ತರಬೇತಿಗಳ ಬೀಜ ಈ ಮಾತಿನಲ್ಲಿದೆ.

ಎಡವಿದ್ದು ಅನಂತರ. 1983ರಲ್ಲಿ ಅಮೆರಿಕದ ಜೆಫ್ರಿ ಮಿಚೆಲ್, ಅಗ್ನಿಶಾಮಕರೇ ಮೊದಲಾದ ರಕ್ಷಣಾ ಕಾರ್ಯಕರ್ತರಿಗಾಗಿ ‘ಡಿಬ್ರೀಫಿಂಗ್’ ಎಂಬ ಕ್ರಮವನ್ನು ಮುಂದಿಟ್ಟನು. ಘಟನೆ ನಡೆದ ಕೆಲವೇ ದಿನಗಳಲ್ಲಿ ಎಲ್ಲರನ್ನೂ ಕೂಡಿಸಿ, ಕಂಡದ್ದನ್ನೂ ಅನುಭವಿಸಿದ್ದನ್ನೂ ಬಾಯಿಬಿಟ್ಟು ಹೇಳಿಸುವುದು ಅದರ ವಿಧಾನ. ಬರಬರುತ್ತ ಇದನ್ನು ಸಂತ್ರಸ್ತರೆಲ್ಲರ ಮೇಲೂ ಪ್ರಯೋಗಿಸಿದರು. ಹೇಳಿಕೊಂಡರೆ ಹಗುರವಾಗುತ್ತದೆಂಬುದು ನಮಗೂ ಸಹಜವಾಗಿಯೇ ತೋರುವ ಮಾತು. ಆದರೆ 1997ರಲ್ಲಿ ಪ್ರಕಟವಾದ ಅಧ್ಯಯನವೊಂದು ಬೇರೊಂದನ್ನೇ ಹೇಳಿತು. ಸುಟ್ಟಗಾಯಗಳಿಂದ ಆಸ್ಪತ್ರೆ ಸೇರಿದವರನ್ನು 13 ತಿಂಗಳ ಬಳಿಕ ಪರೀಕ್ಷಿಸಿದಾಗ, ಹಾಗೆ ಹೇಳಿಸಲ್ಪಟ್ಟವರಲ್ಲಿ ನೂರಕ್ಕೆ 26 ಮಂದಿಗೆ ಆಘಾತೋತ್ತರ ಮನೋವ್ಯಾಧಿಯಿತ್ತು. ಸುಮ್ಮನೆ ಬಿಟ್ಟವರಲ್ಲಿ 9 ಮಂದಿಗೆ ಮಾತ್ರ. ಅವಸರದಲ್ಲಿ ಗಾಯವನ್ನು ಕೆದಕುವುದು ಆರೈಕೆಯಲ್ಲವೆಂದು ಶಾಸ್ತ್ರವು ತನ್ನನ್ನು ತಾನೇ ತಿದ್ದಿಕೊಳ್ಳಬೇಕಾಯಿತು.

ನಮ್ಮ ನಾಡಿನಲ್ಲಿ ಈ ಚರಿತ್ರೆ ಒಂದು ಸರ್ಕಸ್ ಡೇರೆಯಿಂದ ತೊಡಗುತ್ತದೆ. 1981ರ ಫೆಬ್ರುವರಿ 7ರಂದು ಬೆಂಗಳೂರಿನ ವೀನಸ್ ಸರ್ಕಸ್ಸಿನಲ್ಲಿ ಹತ್ತಿದ ಬೆಂಕಿ 90ಕ್ಕೂ ಹೆಚ್ಚು ಜೀವಗಳನ್ನು ಬಲಿತೆಗೆದುಕೊಂಡಿತು. ಸತ್ತವರಲ್ಲಿ ಬಹುಪಾಲು ಎಳೆಯ ಮಕ್ಕಳು. ನಿಮ್ಹಾನ್ಸ್ ಸಂಸ್ಥೆಯ ತಜ್ಞರು ಅವರ ಮನೆಯವರ ದುಃಖವನ್ನು ಅಭ್ಯಸಿಸಿ 1987ರಲ್ಲಿ ವರದಿಯನ್ನು ಪ್ರಕಟಿಸಿದರು. ಈ ನಡುವೆ 1984ರ ಡಿಸೆಂಬರಿನಲ್ಲಿ ಭೋಪಾಲದ ವಿಷಾನಿಲ ದುರಂತ ಸಂಭವಿಸಿತು. ಅಲ್ಲಿ ಲಕ್ಷಾಂತರ ಸಂತ್ರಸ್ತರಿದ್ದರು; ಮನೋವೈದ್ಯರು ಎಷ್ಟು ಮಂದಿ ಸಿಕ್ಕಾರು? ನಿಮ್ಹಾನ್ಸಿನ ಡಾ. ಆರ್. ಶ್ರೀನಿವಾಸ ಮೂರ್ತಿ ಮತ್ತು ಅವರ ಸಂಗಡಿಗರು 1985ರಲ್ಲಿ ಸಾಮಾನ್ಯ ವೈದ್ಯಾಧಿಕಾರಿಗಳಿಗೇ ಮನಸ್ಸಿನ ಆರೈಕೆಯನ್ನು ಕಲಿಸಿದರು. ಅದೇ ಕಾಲಕ್ಕೆ ನಮ್ಮ ಬಳ್ಳಾರಿ ಜಿಲ್ಲೆಯಲ್ಲಿಯೂ ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರಿಗೂ ಕಾರ್ಯಕರ್ತರಿಗೂ ಇಂಥ ಶಿಕ್ಷಣ ಸಾಗಿತ್ತು. 1999ರ ಒರಿಸ್ಸಾ ಚಂಡಮಾರುತ, 2001ರ ಗುಜರಾತ ಭೂಕಂಪ, 2004ರ ಸುನಾಮಿಗಳ ಹೊತ್ತಿಗೆ ಈ ವಿದ್ಯೆ ವೈದ್ಯರಿಂದಾಚೆಗೆ, ಊರಿನ ಸ್ವಯಂಸೇವಕರವರೆಗೆ ಹರಿಯಿತು. 2009ರ ಡಿಸೆಂಬರಿನಲ್ಲಿ ರಾಷ್ಟ್ರೀಯ ವಿಪತ್ತು ನಿರ್ವಹಣಾ ಪ್ರಾಧಿಕಾರವು ಈ ವಿಷಯಕ್ಕೆಂದೇ ಮಾರ್ಗಸೂಚಿಯನ್ನು ಹೊರಡಿಸಿತು. ಅದರ ಮುದ್ರಣದ ಮಸಿ ಆರಿ ಐದೇ ತಿಂಗಳಾಗಿತ್ತು, ಬಜಪೆಯಲ್ಲಿ ವಿಮಾನ ಬಿದ್ದಾಗ.

ಈ ತರಬೇತಿಯಲ್ಲಿ ಕಲಿಸುವುದಾದರೂ ಏನನ್ನು? ವಿಶ್ವ ಆರೋಗ್ಯ ಸಂಸ್ಥೆ ಮತ್ತಿತರ ಸಂಸ್ಥೆಗಳು ಕೂಡಿ 2011ರಲ್ಲಿ ಹೊರತಂದ ಕೈಪಿಡಿ ಅದನ್ನು ಮೂರು ಮಾತುಗಳಲ್ಲಿ ಹೇಳುತ್ತದೆ: ನೋಡು, ಆಲಿಸು, ಜೋಡಿಸು. ಮೊದಲು ಅಪಾಯದಿಂದ ದೂರ ಸರಿಸಿ ನೀರನ್ನೋ ಹೊದಿಕೆಯನ್ನೋ ಕೊಡಬೇಕು. ಹೇಳಿಕೊಳ್ಳುವವನ ಮಾತನ್ನು ಕೇಳಬೇಕು, ಮೌನವಾಗಿರುವವನನ್ನು ಕಾಡಬಾರದು. ‘ನೀನು ಪುಣ್ಯವಂತ, ಬದುಕಿದೆ’ ಎನ್ನಬಾರದು. ಅವನ ಪಕ್ಕದಲ್ಲಿದ್ದವರು ಬದುಕಿಲ್ಲ. ನಿಜವಾದ ಸುದ್ದಿಯನ್ನಷ್ಟೇ ಕೊಡಬೇಕು, ಮನೆಯವರೊಡನೆ ಸೇರಿಸಬೇಕು. ಹೆಚ್ಚಿನವರು ತಮ್ಮವರ ನಡುವೆ ತಾವಾಗಿಯೇ ಚೇತರಿಸಿಕೊಳ್ಳುತ್ತಾರೆ. ತಿಂಗಳು ಕಳೆದರೂ ದುಃಸ್ವಪ್ನ, ಬೆಚ್ಚಿಬೀಳುವಿಕೆ, ಜನರಿಂದ ದೂರ ಸರಿಯುವಿಕೆ ಬಿಡದಿದ್ದರೆ ವೈದ್ಯರಲ್ಲಿಗೆ ಕರೆದೊಯ್ಯಬೇಕು. ಇದು ಸಿಡುಬಿಗೆ ಹಾಕಿಸಿದ ಲಸಿಕೆಯಂತಲ್ಲ. ರೋಗ ಬಾರದೆಂದು ಯಾರೂ ಭರವಸೆ ಕೊಡಲಾರರು. ಆದರೆ ಹೊಸ ಗಾಯವನ್ನು ಮಾಡದಂತೆ ಇದು ನಮ್ಮ ಕೈಯನ್ನು ತಡೆಯುತ್ತದೆ. ಆರೈಕೆ ಬೇಕಾದವನನ್ನು ವೇಳೆಗೆ ಗುರುತಿಸುವುದನ್ನು ಕಲಿಸುತ್ತದೆ.

ನೋಡಿದರೆ, ಇದರಲ್ಲಿ ಬಹಳಷ್ಟು ನಮ್ಮ ಹಿರಿಯರಿಗೆ ತಿಳಿದಿದ್ದದ್ದೇ. ಸಾವಿನ ಮನೆಗೆ ನೆರೆಯವರು ಗಂಜಿ ಕೊಂಡುಹೋಗುತ್ತಾರೆ, ಮಾತಿಲ್ಲದೆ ಜಗಲಿಯಲ್ಲಿ ಕುಳಿತಿರುತ್ತಾರೆ. ತುಳುನಾಡಿನ ಬೊಜ್ಜದ ಊಟ ದುಃಖಕ್ಕೊಂದು ಅವಧಿಯನ್ನು ಕಟ್ಟಿಕೊಡುತ್ತದೆ. ಆದರೆ ದೇಹವೇ ದೊರೆಯದ ಮನೆಯವರು ಬೊಜ್ಜವನ್ನು ಯಾವ ಮನಸ್ಸಿನಿಂದ ಮಾಡಬೇಕು? ಆ ದುರಂತದಲ್ಲಿ ಗುರುತು ಸಿಗದೆ ಉಳಿದ 12 ದೇಹಗಳನ್ನು ಕೂಳೂರಿನ ಬಳಿ ಫಲ್ಗುಣಿ ನದಿಯ ದಂಡೆಯಲ್ಲಿ ಮಣ್ಣುಮಾಡಲಾಯಿತು. ಸಂಪ್ರದಾಯದ ಕೈ ಎಟುಕದ ಇಂಥ ಕಡೆಯಲ್ಲಿಯೇ ತರಬೇತಿಯ ನೆರವು ಬೇಕಾಗುತ್ತದೆ.

ಇನ್ನೊಂದು ಮಾತು. ನೆರವಾದವರನ್ನೂ ನೋಡಿಕೊಳ್ಳಬೇಕೆಂದು ಆ ಕೈಪಿಡಿ ಒತ್ತಿ ಹೇಳುತ್ತದೆ. ಆ ದಿನ ಉಳಿದವರೆಷ್ಟು ಎಂದು ಕೇಳಿದರೆ 8 ಎನ್ನುತ್ತೇವೆ. ಹೊಗೆ ತುಂಬಿದ ಕಣಿವೆಗೆ ಇಳಿದು, ಕಾಣಬಾರದ್ದನ್ನು ಕಂಡು, ಸಂಜೆ ತಮ್ಮ ಮನೆಗಳಿಗೆ ಮರಳಿದವರು ಆ ಲೆಕ್ಕದಲ್ಲಿಲ್ಲ. ಶಾಲೆಯ ಉಪಾಧ್ಯಾಯರಿಗೆ, ಆಶಾ ಕಾರ್ಯಕರ್ತೆಯರಿಗೆ, ಗೃಹರಕ್ಷಕರಿಗೆ, ಬಸ್ಸಿನ ಕಂಡಕ್ಟರರಿಗೆ ಕೆಲವು ದಿನಗಳ ಮಟ್ಟಿಗಾದರೂ ಈ ಶಿಕ್ಷಣ ದೊರೆಯುವುದಾದರೆ, ಮುಂದೊಂದು ದಿನ ಅಂಥವರ ಬಾಗಿಲನ್ನು ತಟ್ಟಿ ‘ನಿದ್ದೆ ಬರುತ್ತಿದೆಯೇ?’ ಎಂದು ಕೇಳುವವರು ಊರಿನಲ್ಲಿಯೇ ಇರುತ್ತಾರೆ.