ವಾರ್ಧಕ್ಯದ ಆದರ್ಶಗಳು: ಒಂದು ತೌಲನಿಕ ವಿಚಾರ

ಮುಪ್ಪನ್ನು ಸಾರ್ಥಕಗೊಳಿಸುವ ಬಗೆಯನ್ನು ಕುರಿತು ಪ್ರಾಚೀನ ಜನಾಂಗಗಳು ತಳೆದ ಅಭಿಪ್ರಾಯಗಳನ್ನು ಹೋಲಿಸಿ ನೋಡುವಾಗ, ಯಾರ ಮುಪ್ಪಿನ ಮಾತನ್ನು ಆಡಲಾಗುತ್ತಿದೆ ಎಂಬ ಪ್ರಶ್ನೆಯನ್ನು ನಾವು ಮೊದಲು ಕೇಳಿಕೊಳ್ಳಬೇಕಾಗುತ್ತದೆ. ಮೂರು ನಿದರ್ಶನಗಳಿಂದ ಇದನ್ನು ವಿಶದಪಡಿಸಬಹುದು.

ಗ್ರೀಸಿನ ಸ್ಪಾರ್ಟಾ ನಗರದಲ್ಲಿ ‘ಗೆರೂಸಿಯಾ’ ಎಂಬ ಹಿರಿಯರ ಸಭೆಯಿದ್ದಿತು. ಅರುವತ್ತು ವರ್ಷ ದಾಟಿದ ೨೮ ಮಂದಿ, ಇಬ್ಬರು ಅರಸರೊಡನೆ ಕೂಡಿ, ಅದರಲ್ಲಿ ಜೀವಾವಧಿ ಅಧಿಕಾರ ನಡೆಸುತ್ತಿದ್ದರು. ದೇಹಕ್ಕಿರುವಂತೆ ಬುದ್ಧಿಗೂ ಮುಪ್ಪುಂಟೆಂದು ಹೇಳಿ ಅರಿಸ್ಟಾಟಲನು ಈ ಏರ್ಪಾಡನ್ನು ಆಕ್ಷೇಪಿಸಿದನು. ನಮ್ಮ ಧರ್ಮಶಾಸ್ತ್ರಗಳು ಇದಕ್ಕೆ ವಿರುದ್ಧವಾದ ಮಾರ್ಗವನ್ನು ತೋರಿದವು. ಮೈ ಸುಕ್ಕುಗಟ್ಟಿ, ತಲೆ ನರೆತು, ಮೊಮ್ಮಗನನ್ನು ಕಂಡ ಗೃಹಸ್ಥನು ಕಾಡಿಗೆ ತೆರಳಬೇಕೆಂದು ಮನುಸ್ಮೃತಿ ವಿಧಿಸುತ್ತದೆ. ಹೆಂಡತಿಯನ್ನು ಜೊತೆಯಲ್ಲಿ ಕರೆದೊಯ್ಯುವುದೋ ಮಕ್ಕಳ ವಶಕ್ಕೆ ಒಪ್ಪಿಸುವುದೋ ಎಂಬುದು ಅವನಿಗೆ ಬಿಟ್ಟ ವಿಷಯ; ಆಕೆಯ ಇಚ್ಛೆಯ ಪ್ರಸ್ತಾಪವೇ ಅಲ್ಲಿಲ್ಲ.

ಇವೆರಡರ ನಡುವಣ ದಾರಿಯನ್ನು ರೋಮಿನ ಸಿಸಿರೊ ಹಿಡಿದನು. ಕ್ರಿ. ಪೂ. ೪೪ರಲ್ಲಿ ಬರೆದ ತನ್ನ ವಾರ್ಧಕ್ಯ ಪ್ರಬಂಧದಲ್ಲಿ ಅವನು ೮೪ರ ವೃದ್ಧನಾದ ಕೇಟೋವಿನ ಬಾಯಿಂದ ಮುಪ್ಪಿನ ಸಮರ್ಥನೆಯನ್ನು ಆಡಿಸುತ್ತಾನೆ. ವಿವೇಕ, ಮಿತವಾದ ದುಡಿಮೆ, ವ್ಯವಸಾಯದ ಆನಂದ ಇವು ಆ ವಯಸ್ಸಿನ ಸಂಪತ್ತುಗಳೆಂಬುದು ಅದರ ಸಾರ. ಆದರೆ ಅದೇ ಕೇಟೋ ಸ್ವತಃ ರಚಿಸಿದ ಕೃಷಿಗ್ರಂಥವನ್ನು ತೆರೆದರೆ, ಮುದಿ ಎತ್ತುಗಳೊಂದಿಗೆ ಮುದಿ ಗುಲಾಮನನ್ನೂ ಮಾರಿಬಿಡಬೇಕೆಂಬ ಸಲಹೆ ಕಣ್ಣಿಗೆ ಬೀಳುತ್ತದೆ. ಒಂದೇ ಹೊಲದಲ್ಲಿ ಒಡೆಯನ ಮುಪ್ಪು ಗೌರವಕ್ಕೆ ಪಾತ್ರವಾಯಿತು. ಆಳಿನ ಮುಪ್ಪು ನಷ್ಟದ ಬಾಬತ್ತಾಯಿತು. ಪ್ಲುಟಾರ್ಕನು ಈ ನಡತೆಯನ್ನು ಕಠಿಣವಾಗಿ ಖಂಡಿಸಿರುವನು.

ಅಧಿಕಾರ, ತ್ಯಾಗ, ಮಿತಿ ಎಂಬ ಈ ಮೂರು ಆದರ್ಶಗಳೂ ಹೀಗೆ ಆಸ್ತಿಯೋ ಅಂತಸ್ತೋ ಇದ್ದ ಪುರುಷರನ್ನೇ ಮುಖ್ಯವಾಗಿ ಉದ್ದೇಶಿಸಿದ್ದವು. ದುಡಿದು ಬದುಕುವವನ ಮುಪ್ಪನ್ನು ರಾಜ್ಯದ ಹೊಣೆಯೆಂದು ಭಾವಿಸಿದ ಮೊದಲ ದೊಡ್ಡ ಪ್ರಯತ್ನವನ್ನು ನಾವು ಜರ್ಮನಿಯ ೧೮೮೯ರ ಶಾಸನದಲ್ಲಿ ಕಾಣುತ್ತೇವೆ. ಕಾರ್ಮಿಕ, ಮಾಲೀಕ, ಸರ್ಕಾರ ಮೂವರೂ ಸಲ್ಲಿಸಿದ ಹಣದಿಂದ ಎಪ್ಪತ್ತು ತುಂಬಿದವನಿಗೆ ವೇತನ ದೊರೆಯುವಂತಾಯಿತು. ೧೯೧೬ರಲ್ಲಿ ಆ ವಯೋಮಿತಿ ೬೫ಕ್ಕೆ ಇಳಿಯಿತು. ಭಾರತದಲ್ಲಿ ೨೦೦೭ರ ಶಾಸನವು ತಂದೆತಾಯಿಗಳ ಪೋಷಣೆಯನ್ನು ಮಕ್ಕಳ ಕಾನೂನುಬದ್ಧ ಕರ್ತವ್ಯವನ್ನಾಗಿಸಿತು.

ಒಂದು ಸಂಸ್ಕೃತಿ ಹಿರಿಯರನ್ನು ಗೌರವಿಸಿತೆಂದು ಅದರ ಗ್ರಂಥಗಳನ್ನಷ್ಟೇ ನೋಡಿ ತೀರ್ಮಾನಿಸುವುದು ಆದ್ದರಿಂದ ಸಾಧುವಲ್ಲ. ಅಲ್ಲಿಯ ಮುದಿ ಆಳಿನ, ಮುದುಕಿಯ ಗತಿಯೇನಾಯಿತೆಂಬುದನ್ನೂ ವಿಚಾರಿಸಿದ ಬಳಿಕವೇ ನಮ್ಮ ಹೋಲಿಕೆಗೆ ಬೆಲೆ ಬರುವುದು.