ಕೊರಿಯಾದಲ್ಲೊಬ್ಬ ಉಪಾಧ್ಯಾಯ, ಆದವಾನಿ ಸೀಮೆಯಲ್ಲೊಂದು ಪ್ರಶ್ನೆ

ಪರನಾಡಿನಲ್ಲಿ ನೆಲಸಿದ ಉಪಾಧ್ಯಾಯನು ಅಲ್ಲಿಯ ನುಡಿಗೆ ಸಲ್ಲಿಸಬೇಕಾದುದೇನು, ತನ್ನ ಮನೆಯ ನುಡಿಗೆ ಉಳಿಸಬೇಕಾದುದೇನು? ಗಡಿನಾಡಿನವರಿಗೆ ಇದು ಹೊಸ ಪ್ರಶ್ನೆಯಲ್ಲ. ಇಲ್ಲಿಯ ಎಷ್ಟೋ ಕನ್ನಡ ಮನೆತನಗಳು ಹೊಸಲು ದಾಟದೆಯೇ ಬೇರೊಂದು ಭಾಷೆಯ ರಾಜ್ಯವನ್ನು ಸೇರಿದುವು. 1953ನೆಯ ಅಕ್ಟೋಬರ್ 1ರಂದು ಆಂಧ್ರ ರಾಜ್ಯವು ಉದಯಿಸಿದಾಗ ಬಳ್ಳಾರಿ ಜಿಲ್ಲೆಯ ಆದವಾನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಅದರಲ್ಲಿ ಸೇರಿಹೋದುವು. ಆದವಾನಿ, ಆಲೂರುಗಳಿಗೆ ಬಳ್ಳಾರಿಯ ಬದಲು ಕರ್ನೂಲು ಜಿಲ್ಲಾಕೇಂದ್ರವಾಯಿತು. ಊರು ಅದೇ, ಮನೆ ಅದೇ. ಸರ್ಕಾರದ ಭಾಷೆ ಮಾತ್ರ ಬೇರೆ.

ಈ ಪ್ರಶ್ನೆಯನ್ನು ವಿಚಾರಮಾಡುವುದಕ್ಕೆ ಕೊರಿಯಾ ದೇಶದಲ್ಲಿ ಬಾಳಿದ ಒಬ್ಬ ಉಪಾಧ್ಯಾಯನ ಚರಿತ್ರೆ ನೆರವಾಗುತ್ತದೆ. ಅಮೆರಿಕದ ವರ್ಮಾಂಟಿನಲ್ಲಿ 1863ರಲ್ಲಿ ಹುಟ್ಟಿದ ಹೋಮರ್ ಹಲ್ಬರ್ಟನು 1886ರಲ್ಲಿ, ಕೊರಿಯಾದ ದೊರೆ ಕೋಜೊಂಗನು ಸಿಯೋಲಿನಲ್ಲಿ ತೆರೆದ ಸರ್ಕಾರಿ ಶಾಲೆಗೆ ಅಧ್ಯಾಪಕನಾಗಿ ಬಂದನು. 1888ರಲ್ಲಿ ಮದುವೆಯಾಗಿ ಅಲ್ಲಿಯೇ ಸಂಸಾರ ಹೂಡಿದನು. ಕಲಿಸಲು ಬಂದವನು ಮೊದಲು ತಾನೇ ಕಲಿತನು. 1446ರಲ್ಲಿ ಸೆಜೋಂಗ್ ದೊರೆಯು ಪ್ರಕಟಪಡಿಸಿದ 28 ಅಕ್ಷರಗಳ ದೇಶೀ ಲಿಪಿಯನ್ನು ಪಂಡಿತರು ಕಡೆಗಣಿಸಿ ಚೀನೀ ಲಿಪಿಯನ್ನೇ ಮೆರೆಸುತ್ತಿದ್ದ ಕಾಲವದು. ಹಲ್ಬರ್ಟನಾದರೋ ಜಗತ್ತಿನ ಭೂಗೋಳವನ್ನು ತಿಳಿಸುವ ಪಠ್ಯಪುಸ್ತಕವನ್ನು ಆ ದೇಶೀ ಲಿಪಿಯಲ್ಲಿಯೇ ಬರೆದನು. ಅದರ ಮುನ್ನುಡಿಯಲ್ಲಿ ಪಂಡಿತರ ಈ ಉಪೇಕ್ಷೆಯನ್ನು ಖಂಡಿಸಿದನು.

ನಮಗೆ ಇನ್ನೂ ಹತ್ತಿರದ ವಿಷಯವೊಂದಿದೆ. ಕಾಲ್ಡ್‌ವೆಲ್ಲರ ದ್ರಾವಿಡ ಭಾಷೆಗಳ ತೌಲನಿಕ ವ್ಯಾಕರಣವು 1856ರಲ್ಲಿ ಬೆಳಕು ಕಂಡಿತ್ತು. ಸುಮಾರು ಅರ್ಧ ಶತಮಾನದ ತರುವಾಯ, 1905ರಲ್ಲಿ, ಹಲ್ಬರ್ಟನು ಕೊರಿಯನ್ ಭಾಷೆಯನ್ನು ದ್ರಾವಿಡ ಭಾಷೆಗಳೊಡನೆ ಹೋಲಿಸುವ ವ್ಯಾಕರಣಗ್ರಂಥವೊಂದನ್ನು ಪ್ರಕಟಿಸಿದನು. ಹೋಲಿಕೆಗಳು ಕಣ್ಣಿಗೆ ಬೀಳುವಂಥವೇ. ಅಲ್ಲಿಯೂ ಕ್ರಿಯಾಪದವು ವಾಕ್ಯದ ಕೊನೆಗೆ ಬರುತ್ತದೆ. ‘ನಾನು ಶಾಲೆಗೆ ಹೋಗುತ್ತೇನೆ’ ಎಂಬುದನ್ನು ಪದಗಳ ಕ್ರಮ ಕೆಡಿಸದೆ ಕೊರಿಯನ್ನಿನಲ್ಲಿ ಹೇಳಬಹುದು. ನಾಮಪದಕ್ಕೆ ಪ್ರತ್ಯಯಗಳು ಹತ್ತುತ್ತವೆ; ಹಿರಿಯರನ್ನು ಕುರಿತ ಕ್ರಿಯಾಪದಕ್ಕೆ ಗೌರವದ ರೂಪ ಬೇರೆ ಇದೆ. ಅಲ್ಲಿಯ ಮಗುವೂ ತಂದೆಯನ್ನು ‘ಅಪ್ಪ’ ಎಂದೇ ಕರೆಯುತ್ತದೆ. ಆದರೂ ಇಂದಿನ ಭಾಷಾವಿಜ್ಞಾನಿಗಳು ಈ ಬಾಂಧವ್ಯವನ್ನು ಸಾಧಿತವೆಂದು ಒಪ್ಪುವುದಿಲ್ಲ. ಮಗುವಿನ ತೊದಲುಮಾತುಗಳು ಜಗತ್ತಿನ ಅನೇಕ ಭಾಷೆಗಳಲ್ಲಿ ಒಂದನ್ನೊಂದು ಹೋಲುತ್ತವೆ. ವಾಕ್ಯರಚನೆಯ ಸಾಮ್ಯವು ನಂಟಿಲ್ಲದ ಭಾಷೆಗಳಲ್ಲಿಯೂ ಉಂಟು. ಕ್ರಮಬದ್ಧವಾದ ಧ್ವನಿಸಂವಾದವಿಲ್ಲದೆ ನಂಟು ಸಿದ್ಧವಾಗದು.

ಈ ಎಚ್ಚರ ನಮ್ಮ ಸೀಮೆಯ ಸಂಶೋಧಕರಿಗೂ ಬೇಕು. ಆದವಾನಿಗೆ ಮೂಡಲಿರುವ ದೇವನಕೊಂಡದ ಹೆಸರಿನಲ್ಲಿ ‘ಕೊಂಡ’ ಎಂಬುದು ತೆಲುಗಿನ ಬೆಟ್ಟ; ‘ದೇವನ’ ಎಂಬುದನ್ನು ಕನ್ನಡಿಗನು ತನ್ನ ಷಷ್ಠೀ ವಿಭಕ್ತಿಯೆಂದೇ ಕೇಳುತ್ತಾನೆ. ಕೇಳಿದ ಮಾತ್ರಕ್ಕೆ ಊರು ಕನ್ನಡದ್ದೆಂದಾಗಲಿ ತೆಲುಗಿನದೆಂದಾಗಲಿ ತೀರ್ಪು ಕೊಡುವುದು ಶಾಸ್ತ್ರವಲ್ಲ. ಪತ್ತಿಕೊಂಡದ ಕಡೆಯ ಎರ್ರಗುಡಿಯಲ್ಲಿರುವ ಅಶೋಕನ ಶಾಸನವು ಪ್ರಾಕೃತದಲ್ಲಿದೆ. ಶಿಷ್ಯರು ಗುರುಗಳನ್ನು ಗೌರವಿಸಬೇಕೆಂಬ ಬೋಧೆ ಅದರಲ್ಲಿದೆ. ಹೊರಗಿನಿಂದ ಬಂದ ನುಡಿಯಲ್ಲಿ ಪಾಠ ಕೇಳಿದುದು ಈ ನೆಲಕ್ಕೆ ಬಹು ಹಳೆಯ ಅನುಭವ.

ಹಲ್ಬರ್ಟನ ಬಾಳಿಗೆ ಮರಳೋಣ. 1905ರಲ್ಲಿ ಜಪಾನು ಕೊರಿಯಾವನ್ನು ತನ್ನ ರಕ್ಷಣೆಗೊಳಪಡಿಸಿದಾಗ ಅವನು ದೊರೆಯ ಪರವಾಗಿ ಅಮೆರಿಕಕ್ಕೆ ಹೋಗಿ ವಾದಿಸಿದನು, ಫಲಿಸಲಿಲ್ಲ. 1907ರಲ್ಲಿ ಕೊರಿಯಾವನ್ನು ಬಿಡಬೇಕಾಯಿತು. 1910ರಲ್ಲಿ ಆ ದೇಶ ಜಪಾನಿನ ವಶವಾಯಿತು. 1938ರಲ್ಲಿ ಶಾಲೆಗಳಲ್ಲಿ ಕೊರಿಯನ್ ಐಚ್ಛಿಕ ವಿಷಯಕ್ಕಿಳಿದು, ಬಳಿಕ ಇಲ್ಲದಂತಾಯಿತು. 1942ರಲ್ಲಿ ನಿಘಂಟು ರಚಿಸುತ್ತಿದ್ದ ಕೊರಿಯನ್ ಭಾಷಾ ಸಂಘದ ವಿದ್ವಾಂಸರು ಸೆರೆಯಾದರು. ಇಬ್ಬರು ಸೆರೆಮನೆಯಲ್ಲಿಯೇ ತೀರಿಕೊಂಡರು. ಕಳೆದುಹೋಯಿತೆಂದಿದ್ದ ಅವರ ಹಸ್ತಪ್ರತಿ 1945ರಲ್ಲಿ ಸಿಯೋಲಿನ ರೈಲು ನಿಲ್ದಾಣದ ಉಗ್ರಾಣದಲ್ಲಿ ದೊರೆಯಿತು. 1947ರಿಂದ 1957ರವರೆಗೆ ಅದು ಆರು ಸಂಪುಟಗಳಾಗಿ ಹೊರಬಂದಿತು. ಹಲ್ಬರ್ಟನು 1949ರಲ್ಲಿ 86ರ ಇಳಿವಯಸ್ಸಿನಲ್ಲಿ ಸಿಯೋಲಿಗೆ ಮರಳಿ, ಕೆಲವೇ ದಿನಗಳಲ್ಲಿ ಅಸುನೀಗಿ, ಆ ಮಣ್ಣಿನಲ್ಲಿಯೇ ಸಮಾಧಿಸ್ಥನಾದನು.

ನಮ್ಮ ಸ್ಥಿತಿ ಕೊರಿಯಾದ ಆ ದಿನಗಳಂಥದಲ್ಲ. ಹಾಗೆಂದರೆ ತೆಲುಗು ಬಂಧುಗಳಿಗೆ ಅನ್ಯಾಯ ಮಾಡಿದಂತಾದೀತು. ನಮಗೆ ಕಾನೂನಿನ ಆಸರೆಯಿದೆ. 1949ರ ಪ್ರಾಂತೀಯ ವಿದ್ಯಾಮಂತ್ರಿಗಳ ಸಮ್ಮೇಳನವು, ಒಂದು ತರಗತಿಯಲ್ಲಿ 10 ಅಥವಾ ಶಾಲೆಯಲ್ಲಿ 40 ಮಕ್ಕಳಿದ್ದರೆ ಅವರ ಮಾತೃಭಾಷೆಯಲ್ಲಿ ಪ್ರಾಥಮಿಕ ಶಿಕ್ಷಣ ಕೊಡುವ ಉಪಾಧ್ಯಾಯನನ್ನು ಒದಗಿಸಬೇಕೆಂದು ನಿರ್ಣಯಿಸಿತು. 1956ರಲ್ಲಿ ಸಂವಿಧಾನಕ್ಕೆ ಸೇರಿದ 350ಎ ವಿಧಿಯು ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಮಾತೃಭಾಷೆಯಲ್ಲಿ ಪ್ರಾಥಮಿಕ ಶಿಕ್ಷಣದ ಅನುಕೂಲವನ್ನು ಕಲ್ಪಿಸುವ ಹೊಣೆಯನ್ನು ರಾಜ್ಯಗಳ ಮೇಲಿಟ್ಟಿತು.

ಆದರೆ ಸಂಖ್ಯೆ ಕುಂದಿದಲ್ಲಿ ವಿಧಿಯೊಂದೇ ಶಾಲೆಯನ್ನು ಕಾಯಲಾರದು. ಮಕ್ಕಳನ್ನು ಎಣಿಸಿ ದಾಖಲೆ ಇಡುವವನು, ತಂದೆತಾಯಿಗಳ ಮನವೊಲಿಸುವವನು ಉಪಾಧ್ಯಾಯನೇ. ತೆಲುಗನ್ನು ಹಲ್ಬರ್ಟನು ಕೊರಿಯನ್ ಕಲಿತಂತೆ ಪ್ರೀತಿಯಿಂದ ಕಲಿಯೋಣ. ಕನ್ನಡವನ್ನು ಆ ನಿಘಂಟುಕಾರರು ತಮ್ಮ ನುಡಿಯನ್ನು ಕಾಯ್ದಂತೆ ಕಾಯೋಣ. ಇವೆರಡೂ ಒಂದೇ ಮನೆಯಲ್ಲಿ ನಡೆಯಬಲ್ಲ ಕೆಲಸಗಳು.